ಲಾಂಚಿನ ಕಾಯುವಿಕೆ ಮುಗಿಯಿತು: ಸೇತುವೆಯಿಂದ ಹೊಳೆಯಾಚೆಯ ಬದುಕಿಗೆ ಸಿಕ್ಕಿದ್ದೇನು, ಇನ್ನೂ ಸಿಗಬೇಕಾದದ್ದೇನು?

ಹೊಳೆಯಾಚೆ:

ಮಾನ್ಯರೇ, ನಾನು ಸಾಗರ ತಾಲ್ಲೂಕಿನ ಕರೂರು ಹೋಬಳಿಯವನು. ಪೇಟೆಯವರು ನಮ್ಮನ್ನು ‘ಹೊಳೆಯಾಚೆಯವರು’ ಎಂದು ಕರೆಯುವುದು ರೂಢಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿ ಹಿನ್ನೀರಿಗೆ ಕಟ್ಟಿದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಂದಿನಿಂದ ನಮ್ಮ ಭಾಗದ ಬಗ್ಗೆ ಬರುವ ಮಾತುಗಳೆಲ್ಲ ಸಿಗಂದೂರಿನ ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವುದು ಎಷ್ಟು ಸುಲಭವಾಯಿತು, ಸೇತುವೆಯ ಮೇಲಿನ ನೋಟ ಎಷ್ಟು ಚೆಂದ ಎಂಬಲ್ಲಿಗೇ ನಿಲ್ಲುತ್ತಿವೆ. ಇಲ್ಲೇ ಹುಟ್ಟಿ, ಇಲ್ಲೇ ತೋಟ ಮಾಡಿಕೊಂಡು, ಇಲ್ಲೇ ಮಕ್ಕಳನ್ನು ಓದಿಸುತ್ತಿರುವವರಿಗೆ ಈ ಸೇತುವೆ ಏನಾಗಿದೆ ಎಂಬ ವಿಚಾರವನ್ನು ನಾವು ನಾವೇ ಕೂತು ಮಾತನಾಡಬೇಕೆಂದು ಅನಿಸಿದ್ದರಿಂದ ಬರೆಯುತ್ತಿದ್ದೇನೆ.

ಹೊರಗಿನ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ಗದ್ದೆಗಳು, ತೋಟಗಳು ಮಾತ್ರವಲ್ಲ, ಸಾಗರಕ್ಕೆ ಹೋಗುವ ದಾರಿಯೂ ಮುಳುಗಿತು. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು, ನಡುವೆ ತುಮರಿ, ಬ್ಯಾಕೋಡು ಮತ್ತು ಸುತ್ತಲಿನ ಹಳ್ಳಿಗಳು. ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಅದರಲ್ಲಿ ಹಿಡಿಯುವ ನೀರು 151 ಟಿಎಂಸಿಗೂ ಹೆಚ್ಚು. ರಾಜ್ಯದ ಮನೆಮನೆಗೆ ಕರೆಂಟು ಕೊಟ್ಟ ಆ ನೀರನ್ನು ದಾಟಲು ನಮಗೆ ಉಳಿದದ್ದು ಜನರನ್ನೂ ವಾಹನಗಳನ್ನೂ ಹೊತ್ತು ದಾಟಿಸುವ ಲಾಂಚ್ ಒಂದೇ. ರಸ್ತೆಯಲ್ಲೇ ಹೋಗುತ್ತೇವೆಂದರೆ ಹೊಸನಗರದ ಕಡೆಯಿಂದ ಸುತ್ತಿ ಸುಮಾರು 80 ಕಿಲೋಮೀಟರ್ ಹೆಚ್ಚಿಗೆ ಸಾಗಬೇಕಿತ್ತು.

ಲಾಂಚಿನ ಬಗ್ಗೆ ಪ್ರವಾಸಿಗರು ಪ್ರೀತಿಯಿಂದ ಬರೆಯುತ್ತಾರೆ. ನನಗೂ ಅದರ ಮೇಲೆ ದ್ವೇಷವಿಲ್ಲ. ಕಬ್ಬಿಣದ ಹಲಗೆ ದಡದ ಮಣ್ಣಿಗೆ ಕುಸಿದು ಕೂರುವ ಸದ್ದು, ಮೊದಲು ಬಸ್ಸು, ಆಮೇಲೆ ಜೀಪು, ಕೊನೆಗೆ ಸಂದಿಯಲ್ಲಿ ಬೈಕು ಎಂದು ಗೆರೆ ಎಳೆದಂತೆ ವಾಹನ ನಿಲ್ಲಿಸುತ್ತಿದ್ದ ಸಿಬ್ಬಂದಿ, ಹಾಲಿನ ಕ್ಯಾನಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರು, ಇವೆಲ್ಲ ನನ್ನ ಬಾಲ್ಯದ ಭಾಗವೇ. ಆದರೆ ಅಡಿಕೆ ಕೊಯ್ಲು ಮುಗಿದ ಮೇಲೆ ಮಂಡಿಗೆ ಮಾಲು ಒಯ್ಯಲು ಹೊರಟವನಿಗೆ ಅದು ಬೇರೆ ರೀತಿಯಲ್ಲಿ ಕಾಣುತ್ತಿತ್ತು. ಭಾನುವಾರವೋ ಹುಣ್ಣಿಮೆಯೋ ಬಂದರೆ ದಡದಿಂದ ಮೇಲಿನ ತಿರುವಿನವರೆಗೆ ಹೊರಗಿನ ಕಾರುಗಳ ಸಾಲು. ಒಂದು ವರ್ಷ ಹದಿನೆಂಟು ಚೀಲ ಚಾಲಿ ಅಡಿಕೆ ಹೇರಿಕೊಂಡ ಜೀಪಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ನಿಂತ ನಾನು ಆಚೆ ದಡ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು, ಮಂಡಿಯಲ್ಲಿ ಅಂದಿನ ವ್ಯಾಪಾರ ಮುಗಿದಿತ್ತು, ಚೀಲಗಳನ್ನು ಪರಿಚಯದವರ ಅಂಗಡಿಯಲ್ಲಿಟ್ಟು ಕೊನೆಯ ಲಾಂಚ್ ತಪ್ಪದಿರಲೆಂದು ಊಟವನ್ನೂ ಮಾಡದೆ ತಿರುಗಿ ಬಂದಿದ್ದೆ. ಮಳೆ ತಡವಾದ 2023ರಂಥ ವರ್ಷಗಳಲ್ಲಿ ಹಿನ್ನೀರು ತಳ ಸೇರಿ, ನೀರೊಳಗಿನ ಹಳೆಯ ಮರದ ಬುಡಗಳು ತಲೆ ಎತ್ತಿದಾಗ ಲಾಂಚ್ ವಾಹನಗಳನ್ನೇ ಹತ್ತಿಸಿಕೊಳ್ಳುತ್ತಿರಲಿಲ್ಲ.

ಈಗ 2.44 ಕಿಲೋಮೀಟರ್ ಉದ್ದದ, 470 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಸೇತುವೆ ಬಂದಿದೆ. ಇದನ್ನು ಉಡುಗೊರೆ ಎಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ. ಅರುವತ್ತು ವರ್ಷಗಳಿಂದ ನಮಗೆ ಬರಬೇಕಾಗಿದ್ದ ಬಾಕಿ ಇದು. ಬಾಕಿ ಯಾರಿಗೆ ಸಲ್ಲಬೇಕೋ ಅವರ ಅಗತ್ಯಕ್ಕೆ ಮೊದಲು ಒದಗಬೇಕೆಂಬುದೇ ನನ್ನ ವಾದ. ಸೇತುವೆ ಬಂದರೂ ನಮ್ಮ ಒಳ ಊರುಗಳಿಗೆ ಸಂಜೆಯ ಬಸ್ಸು ಬಂದಿಲ್ಲ. ಸಾಗರದ ಕಾಲೇಜಿಗೆ ಹೋಗುವ ನನ್ನ ಮಗಳು ಸೇತುವೆಯವರೆಗೆ ಬೇಗನೆ ಬಂದು, ಅಲ್ಲಿಂದ ಮನೆಗೆ ಬರಲು ಯಾರದೋ ಗೂಡ್ಸ್ ಆಟೋ ಕಾಯುತ್ತಾಳೆ. ಮೊದಲು ನೀರಿನ ದಡದಲ್ಲಿ ಕಾಯುತ್ತಿದ್ದವಳು ಈಗ ರಸ್ತೆಯ ಬದಿಯಲ್ಲಿ ಕಾಯುತ್ತಾಳೆ. ಅದೇ ಹೊತ್ತಿಗೆ ವಾರದ ಕೊನೆಯ ಎರಡು ದಿನ ಸೇತುವೆಯ ಮೇಲೆ ಕಾರು ನಿಲ್ಲಿಸಿ ಚಿತ್ರ ತೆಗೆಯುವವರ ನಡುವೆ ನಮ್ಮ ಬೈಕು ದಾಟುವುದೇ ಕಷ್ಟವಾಗಿದೆ. ನಿಮ್ಮ ನಿಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ.

ಸಾಗರಪೇಟೆ:

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಪ್ರವಾಸಿಗರ ಮೇಲೆ ಇಷ್ಟು ಬೇಸರ ಬೇಡವೆಂದು ನನ್ನ ವಿನಂತಿ. ನನ್ನದು ಸಾಗರದಲ್ಲಿ ಸಣ್ಣ ವಸತಿಗೃಹ. ಅಡಿಕೆ ತೋಟಗಳಿಗೆ ಕೊಳೆಯ ಜೊತೆಗೆ ಈಗ ಎಲೆಚುಕ್ಕಿ ರೋಗವೂ ಬಂದು, ಮೂರು ನಾಲ್ಕು ಸಲ ಬೋರ್ಡೋ ದ್ರಾವಣ ಹೊಡೆದರೂ ಫಸಲು ಕೈಗೆ ಬರುವ ಖಾತ್ರಿ ಇಲ್ಲದ ಕಾಲದಲ್ಲಿ, ಒಂದು ಎಕರೆ ಅರ್ಧ ಎಕರೆ ತೋಟದವರ ಮಕ್ಕಳು ಊರಲ್ಲಿ ಉಳಿಯಬೇಕಾದರೆ ಎರಡನೆಯ ಆದಾಯವೊಂದು ಬೇಕೇ ಬೇಕು. ಹೋಂಸ್ಟೇ, ಊಟದ ಮನೆ, ಜೀಪು ಬಾಡಿಗೆ, ಮನೆಯಲ್ಲೇ ಮಾಡಿದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಇವಕ್ಕೆಲ್ಲ ಕೊಳ್ಳುವವರು ಸೇತುವೆಯ ಮೇಲಿಂದಲೇ ಬರಬೇಕು. ಸಾಗರದಿಂದ ಕೊಲ್ಲೂರಿಗೆ ಹೋಗುವವರೂ ಈಗ ನಿಮ್ಮ ಊರಿನ ಮೇಲಿಂದಲೇ ಹಾದುಹೋಗುತ್ತಾರೆ. ಅವರನ್ನು ನಿಲ್ಲಿಸಿ ಒಂದು ಹೊತ್ತಿನ ಊಟ ಬಡಿಸುವ ವ್ಯವಸ್ಥೆ ಮಾಡಿಕೊಂಡರೆ ನಷ್ಟವೇನಿದೆ?

ಅಂಬಾರಗೋಡ್ಲು ದಡ:

ಸಾಗರಪೇಟೆಯವರೇ, ಒಂದು ಹೊತ್ತಿನ ಊಟ ಬಡಿಸಿ ಬದುಕಿದವರಲ್ಲಿ ನಾನೂ ಒಬ್ಬಳು. ಲಾಂಚ್ ನಿಲ್ಲುವ ಜಾಗದ ಮೇಲೆ ನಮ್ಮದೊಂದು ಚಿಕ್ಕ ಕ್ಯಾಂಟೀನು. ಕಾಯುವವರಿದ್ದರು, ಆದ್ದರಿಂದ ನಮ್ಮ ಒಲೆ ಉರಿಯುತ್ತಿತ್ತು. ಮಂಡಕ್ಕಿ, ಚಹಾ, ಮೆಣಸಿನಕಾಯಿ ಬೋಂಡ, ಎಳನೀರು. ಆಚೆ ದಡದಲ್ಲಿ ಲಾಂಚಿನ ಹಾರ್ನ್ ಕೇಳಿದರೆ ಎಣ್ಣೆಗೆ ಹಿಟ್ಟು ಬಿಡುವುದು, ಲಾಂಚ್ ದಡಕ್ಕೆ ತಾಗುವಾಗ ಬೋಂಡ ತೆಗೆಯುವುದು, ಇದು ನನ್ನ ಅತ್ತೆಯವರು ಕಲಿಸಿದ ಲೆಕ್ಕ. ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಈಗ ವಾಹನಗಳು ಮೇಲಿನ ರಸ್ತೆಯಲ್ಲಿ ನಿಲ್ಲದೆ ಹೋಗುತ್ತವೆ. ಸೇತುವೆ ಬೇಡವಿತ್ತು ಎಂದು ನಾನು ಯಾವತ್ತೂ ಹೇಳುವುದಿಲ್ಲ. ನನ್ನ ತವರು ಹೊಳೆಯಾಚೆಯೇ, ಅಪ್ಪನಿಗೆ ಹುಷಾರಿಲ್ಲದಾಗ ಈ ದಡದಲ್ಲಿ ನಿಂತು ಅತ್ತವಳು ನಾನು. ಆದರೆ ಎರಡೂ ದಡಗಳಲ್ಲಿ ಲಾಂಚನ್ನೇ ನಂಬಿದ್ದ ಅಂಗಡಿಯವರಿಗೆ ಸೇತುವೆಯ ತುದಿಯಲ್ಲಿ ನಾಲ್ಕು ಸಾಲು ಮಳಿಗೆ ಕಟ್ಟಿಕೊಟ್ಟು, ವಾಹನ ನಿಲ್ಲಿಸುವ ಜಾಗವನ್ನೂ ಅಲ್ಲೇ ಮಾಡಿದರೆ ನಮಗೂ ಅನ್ನವಾಗುತ್ತದೆ, ಸೇತುವೆಯ ಮೇಲೆ ಕಾರು ನಿಲ್ಲಿಸುವುದೂ ತಪ್ಪುತ್ತದೆ. ಪೇಟೆಯ ದುಡ್ಡಿನವರು ಬಂದು ಜಾಗ ಹಿಡಿಯುವ ಮೊದಲು ಇದು ಆಗಬೇಕು.

ಬೆಂಗಳೂರಿನಲ್ಲಿರುವ ತುಮರಿಯವ:

ಅಕ್ಕಾ, ನಿಮ್ಮ ಕ್ಯಾಂಟೀನಿನ ಬೋಂಡ ತಿಂದೇ ಬೆಳೆದವನು ನಾನು. ಈ ಸಲ ಮೊದಲ ಬಾರಿಗೆ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಬೆಳಕು ಹರಿಯುವ ಮೊದಲೇ ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದೆ. ಹಿಂದೆಲ್ಲ ಸಾಗರಕ್ಕೆ ಬಂದು, ಮೊದಲ ಲಾಂಚಿಗಾಗಿ ಚಳಿಯಲ್ಲಿ ಕಾಯಬೇಕಿತ್ತು. ಇಷ್ಟನ್ನು ಹೇಳದೆ ಇರಲಾಗಲಿಲ್ಲ.

ಆಶಾ ಕಾರ್ಯಕರ್ತೆ:

ಅಂಬಾರಗೋಡ್ಲು ಅಕ್ಕ ದಡದಲ್ಲಿ ನಿಂತು ಅತ್ತ ವಿಷಯ ಬರೆದದ್ದರಿಂದ ನಾನೂ ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಹದಿಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹೆರಿಗೆಯ ದಿನ ಹತ್ತಿರ ಬಂದರೆ ಬಸುರಿಯರನ್ನು ಹದಿನೈದು ದಿನ ಮೊದಲೇ ಸಾಗರದಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆಗೆ ಕಳಿಸುವುದು ಪದ್ಧತಿಯಾಗಿಬಿಟ್ಟಿತ್ತು. ನೆಂಟರಿಲ್ಲದವರು ಏನು ಮಾಡಬೇಕು?

ಒಂದು ಆಷಾಢದ ರಾತ್ರಿ, ದಿನ ತುಂಬುವ ಮೊದಲೇ ಒಬ್ಬಳಿಗೆ ನೋವು ಕಾಣಿಸಿಕೊಂಡಿತು. ಕೂಲಿ ಮಾಡಿಕೊಂಡಿದ್ದ ಮನೆ, ಚೊಚ್ಚಲ ಹೆರಿಗೆ. ಕೊನೆಯ ಲಾಂಚ್ ಹೋಗಿ ಐದು ಗಂಟೆಯಾಗಿತ್ತು. ಜೀಪು ಮಾಡಿಕೊಂಡು ನಿಟ್ಟೂರು, ನಗರದ ಮೇಲಿಂದ ಹೊಸನಗರದ ದಾರಿ ಹಿಡಿದೆವು. ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು, ಕತ್ತಿ ತೆಗೆದುಕೊಂಡು ಗಂಡಸರು ಇಳಿದು ಕೊಂಬೆ ಕಡಿಯುತ್ತಿದ್ದಾಗ ಜೀಪಿನ ಹಿಂದಿನ ಸೀಟಿನಲ್ಲಿ, ಮೊಬೈಲಿನ ಬೆಳಕಿನಲ್ಲಿ ಮಗು ಹುಟ್ಟಿತು. ಅಳಲಿಲ್ಲ. ಬೆನ್ನು ಉಜ್ಜಿದೆ, ಪಾದ ತಟ್ಟಿದೆ, ಬಾಯಿ ಒರೆಸಿದೆ. ಎಷ್ಟು ಹೊತ್ತಿನ ನಂತರವೋ ಒಂದು ಸಣ್ಣ ದನಿ ಬಂತು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿಗೆ ಈಗ ಎಂಟು ವರ್ಷ, ನನ್ನನ್ನು ಕಂಡರೆ ಓಡಿಬಂದು ಕೈ ಹಿಡಿಯುತ್ತಾಳೆ. ಎಲ್ಲರಿಗೂ ಹಾಗಾಗಲಿಲ್ಲ, ಅದನ್ನು ಇಲ್ಲಿ ಬರೆಯುವ ಶಕ್ತಿ ನನಗಿಲ್ಲ.

ಸೇತುವೆ ಬಂದ ಮೇಲೆ ನಡುರಾತ್ರಿ ಕರೆ ಬಂದರೆ ನನ್ನ ಎದೆ ಮೊದಲಿನಂತೆ ಹೊಡೆದುಕೊಳ್ಳುವುದಿಲ್ಲ. ಆದರೆ ಸೇತುವೆ ಆಸ್ಪತ್ರೆಯಲ್ಲ. ಮಂಗನ ಕಾಯಿಲೆಯ ವಿಚಾರವನ್ನೇ ನೋಡಿ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. 2018ರ ಕೊನೆಯಿಂದ 2019ರವರೆಗೆ ಅರಳಗೋಡು ಸುತ್ತ ಜೀವಗಳನ್ನು ತೆಗೆದಾಗ ರೋಗಿಗಳನ್ನು ಮಣಿಪಾಲದವರೆಗೆ ಒಯ್ಯಬೇಕಾಯಿತು. ಸೊಪ್ಪಿಗೆ, ದರಗಿಗೆ, ದನ ಹುಡುಕಲು ಕಾಡಿಗೆ ಹೋಗುವವರಿಗೆ ಈ ಕಾಯಿಲೆ ಹರಡುವ ಉಣುಗು ಹತ್ತುವುದು ಬೇಸಿಗೆ ಬಂದಾಗಲೆಲ್ಲ ಇದ್ದದ್ದೇ. ಜ್ವರ ಬಂದ ಮೊದಲ ದಿನವೇ ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ವ್ಯವಸ್ಥೆ, ರಾತ್ರಿ ಇರುವ ವೈದ್ಯರು, ಒಂದು ಆಂಬುಲೆನ್ಸ್ ಖಾಯಂ ಆಗಿ ಹೊಳೆಯ ಈ ಬದಿಯಲ್ಲೇ ನಿಲ್ಲುವುದು, ಇವು ನನ್ನ ಬೇಡಿಕೆ. ರಸ್ತೆ ಚೆನ್ನಾಯಿತು, ಸಾಗರಕ್ಕೇ ಹೋಗಿ ಎಂದು ಹೇಳಿ ಇಲ್ಲಿನ ಸಣ್ಣ ಆಸ್ಪತ್ರೆಯನ್ನು ಹಾಗೇ ಬಿಟ್ಟುಬಿಡುತ್ತಾರೆಂಬ ಭಯ ನನಗಿದೆ.

ಕಾನುಮನೆ:

ಆಶಾ ಅಕ್ಕನ ಬರಹ ಓದಿದ ಮೇಲೆ ಸೇತುವೆಯ ವಿರುದ್ಧ ಒಂದಕ್ಷರ ಬರೆಯುವ ಮನಸ್ಸು ನನಗಿಲ್ಲ. ಆದರೆ ಸೇತುವೆಯ ಎರಡು ತುದಿಗಳಿಂದ ಮುಂದಕ್ಕೆ ಹೋಗುವ ರಸ್ತೆಯ ಬಗ್ಗೆ ಹೇಳಬೇಕಾದದ್ದಿದೆ. ಲಾಂಚ್ ಇದ್ದಾಗ ಕತ್ತಲಾದ ಮೇಲೆ ಈ ಕಾಡಿನ ರಸ್ತೆಯಲ್ಲಿ ವಾಹನವೇ ಇರುತ್ತಿರಲಿಲ್ಲ. ಅರುವತ್ತು ವರ್ಷ ರಾತ್ರಿಯೆಂಬುದು ಇಲ್ಲಿ ಪ್ರಾಣಿಗಳದ್ದೇ ಆಗಿತ್ತು. ಕಡವೆ, ಕಾಡುಕೋಣ, ಮುಳ್ಳುಹಂದಿ, ಪುನುಗುಬೆಕ್ಕು, ಮಳೆಗಾಲದಲ್ಲಿ ಲೆಕ್ಕವಿಲ್ಲದಷ್ಟು ಕಪ್ಪೆ, ಹಾವು. ಈಗ ಬೆಳಿಗ್ಗೆ ಹಾಲು ಹಾಕಲು ಹೋಗುವಾಗ ರಸ್ತೆಯ ಮೇಲೆ ಅರೆದುಹೋದವುಗಳನ್ನು ನೋಡುತ್ತೇನೆ. ಕಳೆದ ವಾರ ಒಂದು ಕೆಂಜಳಿಲು ಸತ್ತು ಬಿದ್ದಿತ್ತು. ಅದು ಸಾಮಾನ್ಯವಾಗಿ ನೆಲಕ್ಕೇ ಇಳಿಯದ ಜೀವ, ಮರದಿಂದ ಮರಕ್ಕೆ ಹಾರಿಯೇ ಕಾಡು ದಾಟುತ್ತದೆ. ರಸ್ತೆ ಅಗಲವಾಗಿ ಎರಡೂ ಬದಿಯ ಮರಗಳ ಕೊಂಬೆಗಳು ಕೈ ಬಿಟ್ಟಾಗ ಪಾಪ, ಇಳಿಯದೆ ಏನು ಮಾಡೀತು? ಸಿಂಗಳೀಕಗಳ ಕಥೆಯೂ ಇದೇ. ಅವುಗಳಿಗಾಗಿಯೇ 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ವಿಸ್ತರಿಸಿ ಸಿಂಗಳೀಕಗಳ ಹೆಸರನ್ನೇ ಇಟ್ಟರು.

ರಾತ್ರಿ ವಾಹನ ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. ಊರವರ ವಾಹನ, ಆಂಬುಲೆನ್ಸ್, ಬಸ್ಸು ಓಡಲಿ. ಕಾಡಿನ ತಿರುವುಗಳಲ್ಲಿ ಉಬ್ಬು ಹಾಕಲಿ, ಅಗಲೀಕರಣದ ಹೆಸರಿನಲ್ಲಿ ಎರಡೂ ಬದಿಯ ದೊಡ್ಡ ಮರ ಉರುಳಿಸುವುದು ಬೇಡ, ಕೊಂಬೆಗಳು ಸೇರುವ ಕಡೆಗಳನ್ನು ಗುರುತಿಸಿ ಹಾಗೆಯೇ ಉಳಿಸಲಿ. ಇನ್ನೊಂದು ಮಾತು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವೂ ಇದೇ ಕಣಿವೆಯ ಮೇಲಿದೆ. ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಹೆಚ್ಚಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವ ವಿಧಾನ ಅದು, ಎತ್ತಲು ಬೇಕಾಗುವ ವಿದ್ಯುತ್ತು ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಒಮ್ಮೆ ಮುಳುಗಿದ ಕಣಿವೆಯ ಉಳಿದ ಕಾಡಿನೊಳಗೆ ಮತ್ತೆ ಸುರಂಗ ಕೊರೆಯುವ ಮುನ್ನ ಇಲ್ಲಿರುವವರನ್ನು ಕೂರಿಸಿಕೊಂಡು ಕೇಳಬೇಕು.

ಸಾಗರಪೇಟೆ:

ಕಾನುಮನೆಯವರೇ, ಮರಗಳ ವಿಚಾರದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಪಂಪ್ಡ್ ಸ್ಟೋರೇಜ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಗಲು ಸೌರವಿದ್ಯುತ್ತು ಹೆಚ್ಚಾಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊರತೆಯಾಗುವುದರಿಂದ ಎಲ್ಲೋ ಒಂದು ಕಡೆ ಕೂಡಿಡುವ ವ್ಯವಸ್ಥೆ ಬೇಕಾಗುತ್ತದೆ. ಅದು ಈ ಕಣಿವೆಯಲ್ಲೇ ಆಗಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಅದರ ವಿವರಕ್ಕೆ ಬೇರೆಯದೇ ಚರ್ಚೆ ನಡೆಸೋಣ.

ಮುಳುಗಡೆಯ ಮೇಷ್ಟ್ರು:

ಕೇಳಬೇಕು ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ. ನೀರು ಬಂದ ವರ್ಷ ನಾನು ಹನ್ನೆರಡರ ಹುಡುಗ. ನಮ್ಮನ್ನು ಯಾರೂ ಕೇಳಲಿಲ್ಲ, ತಿಳಿಸಿದರು ಅಷ್ಟೇ. ಅದಕ್ಕೂ ಮುನ್ನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿಗೆ ಒಮ್ಮೆ ಭೂಮಿ ಬಿಟ್ಟಿದ್ದ ಮನೆಗಳೂ ನಮ್ಮ ನೆಂಟರಲ್ಲಿದ್ದವು. ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು, ಈಗಲೂ ನೀರು ಬಹಳ ಇಳಿದ ಬೇಸಿಗೆಯಲ್ಲಿ ಅದರ ಗೋಡೆ ಕಾಣಿಸುತ್ತದೆ.

ನಮ್ಮ ಅಪ್ಪಯ್ಯ ಮನೆಯ ಹೆಂಚುಗಳನ್ನು ಒಂದೊಂದಾಗಿ ಇಳಿಸಿ ಎಣಿಸಿದರು. ತಲೆಬಾಗಿಲಿನ ಹಲಸಿನ ಚೌಕಟ್ಟನ್ನು ಬಿಚ್ಚಿ, ಯಾವುದು ಎಡ ಯಾವುದು ಬಲ ಎಂದು ತಿಳಿಯಲು ಸುಣ್ಣದಲ್ಲಿ ಗುರುತು ಹಾಕಿದರು. ಲಾರಿಯಲ್ಲಿ ಹೇರಿಕೊಂಡು ಹೋಗಿ ಶಿವಮೊಗ್ಗ ತಾಲ್ಲೂಕಿನ ಕಾಡಿನ ಅಂಚಿನಲ್ಲಿ ನಮ್ಮನ್ನು ಇಳಿಸಿದ ಮೇಲೆ ಕಟ್ಟಿಕೊಂಡದ್ದು ಹುಲ್ಲಿನ ಮಾಡಿನ ಗುಡಿಸಲು. ಆ ಗುಡಿಸಲಿನ ಗೋಡೆ ತಲೆಬಾಗಿಲಿನಷ್ಟು ಎತ್ತರವೇ ಇರಲಿಲ್ಲ. ಹನ್ನೊಂದು ವರ್ಷ ಆ ಚೌಕಟ್ಟು ಗೋಡೆಗೆ ಒರಗಿಕೊಂಡೇ ಇತ್ತು. ಪ್ರತಿ ದೀಪಾವಳಿಗೆ ಅಮ್ಮ ಅದಕ್ಕೆ ಕೆಮ್ಮಣ್ಣು ಹಚ್ಚಿ ರಂಗೋಲಿ ಹಾಕುತ್ತಿದ್ದರು. ಕಡೆಗೆ ಮನೆ ಕಟ್ಟಿ ಅದನ್ನು ನಿಲ್ಲಿಸಿದೆವು, ಆದರೆ ಆ ಮನೆ ಇರುವ ಜಾಗದ ಹಕ್ಕುಪತ್ರ ಇಂದಿಗೂ ಬಂದಿಲ್ಲ. ಅರಣ್ಯ, ಕಂದಾಯ ಎಂದು ಕಡತ ಎರಡು ಕಡೆ ತಿರುಗುತ್ತಲೇ ಇದೆ. ನಮ್ಮಂಥ ಮನೆಗಳು ಜಿಲ್ಲೆಯ ಎಷ್ಟೋ ಊರುಗಳಲ್ಲಿವೆ.

ಹೊಳೆಯಾಚೆಯವರು ಬಾಕಿ ಎಂಬ ಶಬ್ದ ಬಳಸಿದ್ದಾರೆ. ಸರಿಯಾದ ಶಬ್ದ. ನೀರಿನ ಆ ಬದಿಯಲ್ಲಿ ಉಳಿದವರ ಬಾಕಿಯಲ್ಲಿ ಒಂದು ಭಾಗ ಸಂದಿದೆ. ನೀರಿನಿಂದ ಎದ್ದು ಹೋದವರದ್ದು ಹಾಗೆಯೇ ಇದೆ. ಸೇತುವೆ ನೋಡಲೆಂದು ಮಗ ನನ್ನನ್ನು ಕರೆದುಕೊಂಡು ಬಂದಿದ್ದ. ಅರ್ಧ ದಾರಿಯಲ್ಲಿ ನಿಲ್ಲಿಸಬೇಡವೆಂದು ನಾನೇ ಹೇಳಿದೆ. ನಮ್ಮ ಊರು ಎಡಗಡೆ ಕೆಳಗೆ ಎಲ್ಲೋ ಇತ್ತು.

ಹೊಳೆಯಾಚೆ:

ಮೇಷ್ಟ್ರೇ, ನಿಮ್ಮ ಬರಹವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ತಾಯಿ ಕೇಳುತ್ತಾ ಕೇಳುತ್ತಾ ತಮ್ಮ ತವರಿನ ಹೆಸರನ್ನು ಎರಡು ಸಲ ಹೇಳಿ ಸುಮ್ಮನಾದರು. ಅದೂ ನೀರಿನೊಳಗಿನ ಊರೇ. ಹಕ್ಕುಪತ್ರದ ವಿಷಯವನ್ನು ಈ ಚರ್ಚೆಯ ಆರಂಭದಲ್ಲೇ ನಾನು ಹೇಳಬೇಕಾಗಿತ್ತು, ಬಿಟ್ಟದ್ದು ನನ್ನ ತಪ್ಪು.

ಸಾಗರಪೇಟೆಯವರ ಮಾತನ್ನೂ ಯೋಚಿಸಿದೆ. ಎಲೆಚುಕ್ಕಿ ಬಂದ ಮೇಲೆ ನನ್ನ ತೋಟದಲ್ಲಿಯೂ ಮೇಲಿನ ಸೋಗೆಗಳು ಸುಟ್ಟಂತಾಗಿವೆ, ಆದ್ದರಿಂದ ಎರಡನೆಯ ಆದಾಯ ಬೇಡವೆನ್ನುವ ಸ್ಥಿತಿಯಲ್ಲಿ ನಾನಿಲ್ಲ. ಬರುವವರು ಬರಲಿ. ಆದರೆ ಹೊರಗಿನ ಹಣ ಬಂದು ಹಿನ್ನೀರಿನ ದಂಡೆಯುದ್ದಕ್ಕೂ ರೆಸಾರ್ಟು ಎಬ್ಬಿಸಿ, ನಮ್ಮ ಮಕ್ಕಳು ಅಲ್ಲಿ ಕಾರು ತೊಳೆಯುವಂತಾದರೆ ಅದನ್ನು ಆದಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಂಬಾರಗೋಡ್ಲು ಅಕ್ಕ ಹೇಳಿದ ಮಳಿಗೆ ಮತ್ತು ವಾಹನ ನಿಲುಗಡೆಯ ಸಲಹೆ ಇಲ್ಲಿ ಬಂದದ್ದರಲ್ಲೇ ಹೆಚ್ಚು ಪ್ರಯೋಜನದ್ದು ಎಂದು ನನಗನಿಸಿದೆ. ಹಳೆಯ ಅಂಗಡಿಯವರಿಗೇ ಮೊದಲ ಹಂಚಿಕೆ ಎಂದು ಪಂಚಾಯಿತಿ ಠರಾವು ಮಾಡಬೇಕು.

ಬರುವ ಗ್ರಾಮಸಭೆಗೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಸಂಜೆ ಏಳರ ನಂತರ ಸಾಗರದಿಂದ ಹೊರಟು ಒಳ ಊರುಗಳವರೆಗೆ ಬರುವ ಒಂದು ಬಸ್ಸು, ಈ ಬದಿಯಲ್ಲೇ ನಿಲ್ಲುವ ಆಂಬುಲೆನ್ಸ್, ರಾತ್ರಿಯ ವೈದ್ಯರು, ಸೇತುವೆಯ ತುದಿಯ ಮಳಿಗೆಗಳು, ಕಾನುಮನೆಯವರು ಹೇಳಿದ ಉಬ್ಬು ಮತ್ತು ಮರಗಳ ವಿಚಾರ ಅದರಲ್ಲಿರುತ್ತವೆ. ಆಶಾ ಅಕ್ಕ ಒಪ್ಪಿದರೆ ಆಂಬುಲೆನ್ಸಿನ ಭಾಗವನ್ನು ಅವರ ಮಾತಿನಲ್ಲೇ ಬರೆಸುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮ ಹುಡುಗರು ಅರ್ಜಿಯನ್ನು ಬೆರಳಚ್ಚು ಮಾಡಿಕೊಟ್ಟರೆ ಉಪಕಾರವಾದೀತು. ಮೇಷ್ಟ್ರೇ, ನಿಮ್ಮ ಮನೆಯ ಹಕ್ಕುಪತ್ರ ನಮ್ಮ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲವಾದರೂ, ಮುಳುಗಡೆಯವರಿಗೆಲ್ಲ ಹಕ್ಕುಪತ್ರ ಕೊಡಬೇಕೆಂಬ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲೇ ಸೇರಿಸುತ್ತೇನೆ. ಮಳೆ ಹಿಡಿಯುವ ಮೊದಲು ಒಮ್ಮೆ ಬನ್ನಿ. ನಿಮ್ಮ ಊರು ಇದ್ದ ದಿಕ್ಕನ್ನು ನನ್ನ ತಾಯಿಯೂ ಬಲ್ಲರು, ಇಬ್ಬರನ್ನೂ ದಡಕ್ಕೆ ಕರೆದುಕೊಂಡು ಹೋಗುತ್ತೇನೆ.

ಮುಳುಗಡೆಯ ಮೇಷ್ಟ್ರು:

ಬರುತ್ತೇನೆ. ನಿಮ್ಮ ತಾಯಿಯವರ ತವರಿನ ಹೆಸರನ್ನು ಇಲ್ಲಿ ಬರೆಯುವುದು ಬೇಡ, ಬಂದಾಗ ಅವರಿಂದಲೇ ಕೇಳುತ್ತೇನೆ. ಬಹುಶಃ ನಾವು ಒಂದೇ ಶಾಲೆಗೆ ಹೋದವರು.